ಎಡೆಯ ಮುಂದಿನ ಎಲೆಅಡಿಕೆ ಚೀಲ

ಐವತ್ತು ದಾಟಿದ ಗಂಡಸಿಗೆ ಸ್ವಂತ ಮನೆಯ ಊಟದ ಮೇಜಿನಲ್ಲಿ ಜಾಗ ಸಿಗಬೇಕಾದರೆ ಅವನು ಕಳ್ಳನಾಗಬೇಕು ಎಂಬ ಕಹಿಸತ್ಯ ಅಂಜನಮೂರ್ತಿಗೆ ತಿಳಿದದ್ದು ಒಂದು ಭಾನುವಾರ ಮಧ್ಯಾಹ್ನ.

ಭಾನುವಾರ ಬಂತೆಂದರೆ ಹೊಸ ತಿಪ್ಪಸಂದ್ರದ ಆ ಮನೆಯ ಮೇಜು ಮಗಳು ಪ್ರಿಯದರ್ಶಿನಿಯ ಸಾಮ್ರಾಜ್ಯ. (ಮನೆಯಲ್ಲಿ ಕರೆಯುವುದು ದರ್ಶಿನಿ ಎಂದು. ತಿಂಡಿ, ಊಟ, ಕಾಫಿ ಎಲ್ಲವನ್ನೂ ನಿಂತೇ ಮುಗಿಸುವವಳಿಗೆ ಬೇರೆ ಹೆಸರು ಒಪ್ಪುವುದಿಲ್ಲ.) ಅವಳ ಗೆಳೆಯರು ಅಫ್ತಾಬ್, ಸುಗತ, ದುರ್ಗೇಶ ಬಂದು ಕೂತರೆ ಉಪ್ಪಿನಕಾಯಿ ಜಾಡಿ ಕೋಟೆಯಾಗುತ್ತದೆ, ನೀರಿನ ಜಗ್ಗು ಡ್ರ್ಯಾಗನ್ ಆಗುತ್ತದೆ. ಮಗಳು ಕಥೆ ಹೇಳುತ್ತಾಳೆ. ಉಳಿದವರು ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳನಾಗಿ “ನಾನು ಹೀಗೆ ಮಾಡ್ತೀನಿ” ಎನ್ನುತ್ತಾರೆ. ಆಮೇಲೆ ಇಪ್ಪತ್ತು ಮುಖದ ದಾಳವೊಂದು ಉರುಳಿ, ಅದು ಆಯಿತೋ ಇಲ್ಲವೋ ತೀರ್ಪು ಕೊಡುತ್ತದೆ. (ಹತ್ತು ಮುಖದ ರಾವಣ ಆ ದಾಳದೆದುರು ಅರ್ಧ ಮನುಷ್ಯ.)

ಅಂಜನಮೂರ್ತಿಯದು ಮಾರ್ಕೆಟ್ ರಸ್ತೆಯಲ್ಲಿ ಶಾಲಾ ಯೂನಿಫಾರಂ ಅಂಗಡಿ. ಶಾಲೆಗಳೇ ಯೂನಿಫಾರಂ ಮಾರತೊಡಗಿದ ಮೇಲೆ ಅವನಿಗೆ ವಾರವೆಲ್ಲ ಭಾನುವಾರ. ಸಾಲದ್ದಕ್ಕೆ ಅಮ್ಮ ಚಿಕ್ಕಮುನಿಯಮ್ಮ ಹೋಗಿ ವರ್ಷ ತುಂಬುತ್ತಿತ್ತು. ಅಮ್ಮ ಇದ್ದಾಗ ಅವಳ ಮಂಚದ ಪಕ್ಕ ಕೂತು ಬೈಸಿಕೊಂಡಾದರೂ ಹೊತ್ತು ಹೋಗುತ್ತಿತ್ತು. ಹೆಂಡತಿ ಯಮುನಾಳೂ ಬೈಯುತ್ತಿದ್ದಳು, ಇಲ್ಲವೆನ್ನುವ ಹಾಗಿಲ್ಲ. ಆದರೆ ಅವಳದು ಒಗ್ಗರಣೆ ನಡುವೆ ಸಿಡಿಯುವ ಬೈಗುಳ, ಅಮ್ಮನದು ಪೂರ್ಣಾವಧಿ ಸೇವೆ.

ಆ ಭಾನುವಾರ ದುರ್ಗೇಶ ಕೆ.ಆರ್. ಪುರದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದ. ಬಾಗಿಲ ಸಂದಿಯಲ್ಲಿ ಅನಾಥನಂತೆ ನಿಂತಿದ್ದ ಅಂಜನಮೂರ್ತಿಯನ್ನು ಅಫ್ತಾಬ್ ನೋಡಿದ.

“ಅಂಕಲ್, ದುರ್ಗೇಶನ ಕಳ್ಳ ಖಾಲಿ ಇದ್ದಾನೆ. ಕೂತ್ಕೊಳಿ.”

ಕೂತ. ಕಥೆಯಲ್ಲಿ ವೈರಿ ಸೇನಾಪತಿ ಬೆಟ್ಟದ ಮೇಲೆ ನಿಂತು ಯುದ್ಧ ಸಾರುವವನಿದ್ದ.

“ಅವನ ಸೊಂಟದಲ್ಲಿ ಚಿನ್ನದ ಚೀಲ ಇದೆ,” ಎಂದಳು ದರ್ಶಿನಿ. “ಕದೀತೀಯಾ ಅಪ್ಪ?”

“ಚಿನ್ನ ತಗೊಂಡು ಏನ್ ಮಾಡ್ಲಿ? ಅವನ ಇಜಾರದ ಲಾಡಿ ಬಿಚ್ತೀನಿ.”

ದಾಳ ಉರುಳಿತು. ಇಪ್ಪತ್ತು ಬಿತ್ತು. ಆಮೇಲೆ ಇಜಾರವೂ ಬಿತ್ತು. ಖಡ್ಗ ಎತ್ತಿ “ಹೊಡೀರಿ!” ಎಂದ ಸೇನಾಪತಿಯನ್ನು ನೋಡಿ ಅವನದೇ ಸೈನ್ಯ ನಕ್ಕು ನಕ್ಕು ಮನೆಗೆ ಹೋಯಿತು. ಯುದ್ಧ ರದ್ದು.

ಅಲ್ಲಿಂದ ಅಂಜನಮೂರ್ತಿಯ ಕೈಗೆ ತಡೆಯಿರಲಿಲ್ಲ. ವೈರಿ ಮಾಂತ್ರಿಕನ ಅಂಗಿತೋಳಿನೊಳಗೆ ಜೀವಂತ ಕಪ್ಪೆ ಬಿಟ್ಟ. ಮಂತ್ರದ ಮಧ್ಯೆ ಅವನು ಕುಣಿದು, ತನ್ನನ್ನೇ ಮೇಕೆ ಮಾಡಿಕೊಂಡ. ಸೆರೆಮನೆ ಕಾವಲುಗಾರನ ಬೀಗದಕೈ ಕದ್ದು, ಅವನದೇ ಇನ್ನೊಂದು ಜೇಬಿಗೆ ಹಾಕಿದ. ಆ ಬಡಪಾಯಿ ತನ್ನನ್ನು ತಾನೇ ತಡಕಾಡಿಕೊಳ್ಳುತ್ತ ಕೂತಾಗ ಕೈದಿಗಳು ಗೋಡೆ ಹಾರಿದರು.

“ಅಂಕಲ್, ಇಷ್ಟ್ ದಿನ ಯೂನಿಫಾರಂ ಮಾರ್ಕೊಂಡು ಲೈಫ್ ವೇಸ್ಟ್ ಮಾಡ್ಕೊಂಡ್ರಿ,” ಎಂದ ಅಫ್ತಾಬ್.

ಅಜ್ಜಿ ಹೋದ ಮೇಲೆ ದರ್ಶಿನಿ ಅಪ್ಪನೆದುರು ಅಷ್ಟು ನಕ್ಕಿರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಹೇಳಿದಳು: “ಅಪ್ಪಾ, ಗುಟ್ಟು ಹೇಳ್ಲಾ? ಕೈಚಳಕ ಕೈಯಲ್ಲಿರಲ್ಲ, ನೋಡೋರ ಕಣ್ಣಲ್ಲಿರುತ್ತೆ. ಎಲ್ಲರ ಕಣ್ಣೂ ಬೇರೆ ಕಡೆ ಇದ್ರೆ ದಾಳಾನೂ ಬೇಡ.”

ಆಟದ ಮಾತನ್ನು ಆಟದಲ್ಲೇ ಬಿಡುವವನು ಜಾಣ. ಅಂಜನಮೂರ್ತಿ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಅವನು ಕದಿಯಬೇಕಾದದ್ದು ಒಂದು ನಿಜವಾಗಿಯೂ ಇತ್ತು. ಅಮ್ಮನ ಎಲೆಅಡಿಕೆ ಚೀಲ.

ಬಣ್ಣಬಣ್ಣದ ತುಂಡುಬಟ್ಟೆ ಸೇರಿಸಿ ಹೊಲಿದ, ಅಂಗೈಯಗಲದ, ದಾರ ಎಳೆದರೆ ಬಾಯಿ ಮುಚ್ಚುವ ಚೀಲ. ಒಳಗೆ ಲೊಟಲೊಟ ಎನ್ನುವ ಸುಣ್ಣದ ಡಬ್ಬಿ. ಹೊಲ ಪಾಲಾದ ಮೇಲೆ ಅಮ್ಮ ಇದ್ದದ್ದು ಕಿರಿಮಗನ ಹತ್ತಿರ. ಆದರೆ ಅಣ್ಣ ಮುನಿರಾಜನ ಮೊಮ್ಮಗುವಿನ ನಾಮಕರಣಕ್ಕೆಂದು ಬಾಣಸವಾಡಿಗೆ ಹೋದವಳು ಅಲ್ಲೇ ಕಣ್ಣುಮುಚ್ಚಿದಳು. ಚೀಲ ಅಲ್ಲೇ ಉಳಿಯಿತು. ಯಮುನಾ ಕೇಳಿದ್ದಕ್ಕೆ ಓರಗಿತ್ತಿ, “ಅತ್ತೆ ಕೊನೇ ಎಲೆ ಹಾಕಿದ್ದು ನಮ್ಮನೇಲಿ,” ಎಂದುಬಿಟ್ಟಳು. ಅಂದಿನಿಂದ ಅಣ್ಣತಮ್ಮಂದಿರ ಬಾಯಿಗೂ ದಾರ ಬಿತ್ತು. ಕೊನೆಗೆ ಸೋದರಮಾವ ರಾಮಾಂಜಿನಪ್ಪ ಪಂಚಾಯಿತಿ ಮಾಡಿ, ಮಹಾಲಯ ಅಮಾವಾಸ್ಯೆಯ ಎಡೆ ಈ ವರ್ಷ ಹಿರಿಯನ ಮನೆಯಲ್ಲಿ, ಮುಂದಿನ ವರ್ಷದಿಂದ ಕಿರಿಯನ ಮನೆಯಲ್ಲಿ ಎಂದು ತೀರ್ಮಾನಿಸಿದ್ದರು.

ಎಡೆಯ ಮುಂದೆ ಚೀಲ ಇಟ್ಟೇ ಇಡುತ್ತಾರೆ. ಎತ್ತಿಕೊಂಡು ಬಂದು ದೇವರ ಗೂಡಿನಲ್ಲಿ ಅಮ್ಮನ ಫೋಟೋ ಪಕ್ಕ ಇಟ್ಟುಬಿಡುವುದು. ಅಂಜನಮೂರ್ತಿಯ ಮಹಾಯೋಜನೆ ಇಷ್ಟೇ.

ಅಮಾವಾಸ್ಯೆಯ ಬೆಳಿಗ್ಗೆ ಅವನು ಪಂಚೆ ಉಟ್ಟು, ದೊಗಳೆ ಅಂಗಿ ತೊಟ್ಟು ನಿಂತಾಗ ಯಮುನಾ ಮೇಲಿಂದ ಕೆಳಗೆ ನೋಡಿದಳು.

“ಅದೇನ್ರೀ ಗುಡಾರ?”

“ಗಾಳಿ ಆಡ್ಲಿ ಅಂತ.”

“ಎಡೆಗ್ ಹೋಗ್ತಿದೀರೋ, ಹೋಟ್ಲಲ್ಲಿ ಚಮಚ ಕದಿಯೋಕ್ ಹೋಗ್ತಿದೀರೋ?”

(ಹೆಂಡತಿಯರಿಗೆ ಸತ್ಯ ಗೊತ್ತಿರುವುದಿಲ್ಲ, ಅದರ ಪಕ್ಕದ ಮನೆಯ ವಿಳಾಸ ಮಾತ್ರ ಸದಾ ಗೊತ್ತಿರುತ್ತದೆ.)

ಮೂವರೂ ಹೋದಾಗ, ಬಾಣಸವಾಡಿಯ ಹಳೇ ಊರಿನಲ್ಲಿ ಅಣ್ಣನ ಪಾಲಿಗೆ ಬಂದಿದ್ದ ಹುಟ್ಟುಮನೆಯ ನಡುಕೋಣೆಯಲ್ಲಿ ಕಳಶ, ಹೊಸ ಸೀರೆ, ಬಾಳೆಲೆ ತುಂಬ ಮುದ್ದೆ, ಮಾಂಸದ ಸಾರು, ಕಜ್ಜಾಯ, ವಡೆ. ಎಲೆಯ ಅಂಚಿನಲ್ಲಿ ಆ ಚೀಲ. ಅಮ್ಮ ಎಲ್ಲಿಗೋ ಎದ್ದುಹೋಗಿ, ಚೀಲ ಮರೆತಿದ್ದಾಳೆ ಎನ್ನುವಂತಿತ್ತು.

ಅಣ್ಣ ನೋಡಿಯೂ ನೋಡದವನಂತೆ, ಅವನಿಗೆ ಕೇಳುವಂತೆ ಗೋಡೆಗೆ ಹೇಳಿದ: “ಧೂಪ ಹಾಕೋರು ಹಾಕ್ಬಹುದು.”

ತಮ್ಮ ಕಳಶಕ್ಕೆ ಉತ್ತರ ಕೊಟ್ಟ: “ಹಾಕ್ತೀವಿ.”

ಕೆಂಡದ ಮೇಲೆ ಸಾಂಬ್ರಾಣಿಯನ್ನು ಒಂದು ಚಿಟಿಕೆ ಹಾಕಬೇಕು. ಅಂಜನಮೂರ್ತಿ ಹಿಡಿ ಹಾಕಿದ. ಕೋಣೆ ಮಾಯವಾಯಿತು. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅಣ್ಣ ಕಣ್ಣುಜ್ಜಿದ, ಮಾವ “ಯಾವನೋ ಅವ್ನು, ಸೊಳ್ಳೆ ಓಡಿಸ್ತಾ ಇದ್ದಾನೆ!” ಎಂದು ಕೂಗಿದರು. ಎಲ್ಲರೂ ಅಡ್ಡಬಿದ್ದ ಆ ಗಳಿಗೆಯಲ್ಲಿ ಅಂಜನಮೂರ್ತಿಯೂ ಅಡ್ಡಬಿದ್ದ. ಎದ್ದಾಗ ಚೀಲ ಅಂಗಿಯೊಳಗಿತ್ತು. ಕೆಮ್ಮುತ್ತ ಎಲ್ಲರೂ ಹೊರಬಂದರು. ಕೊನೆಯಲ್ಲಿ ಬಂದ ಮಾವ ಬಾಗಿಲೆಳೆದು ಚಿಲಕ ಹಾಕಿದರು.

ಕದ್ದವನಿಗೆ ಆಗ ಜ್ಞಾನೋದಯವಾಯಿತು.

ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಂಡು ಕಾಯುವುದು ಪದ್ಧತಿ. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಹುಟ್ಟಿದಾಗಿನಿಂದ ಇದೇ ಬಾಗಿಲ ಮುಂದೆ ಹಸಿದುಕೊಂಡು ಕಾದಿದ್ದವನು, ಕದಿಯುವ ಸಡಗರದಲ್ಲಿ ಅದನ್ನೇ ಮರೆತಿದ್ದ. ಬಂದ ನೆಂಟರ ಗದ್ದಲದಲ್ಲಿ ಯಾರು ಎತ್ತಿದರೋ ಎಂದಾಗುತ್ತದೆ ಎಂಬುದು ಅವನ ಎಣಿಕೆ. ಆದರೆ ಮುಚ್ಚಿದ ಬಾಗಿಲ ಹಿಂದೆ ಈಗ ಒಬ್ಬಳೇ ಒಬ್ಬಳು ಇರಬಹುದಾಗಿತ್ತು.

ಮಾವ ಕೆಮ್ಮಿ, ಬಾಗಿಲು ತಟ್ಟಿ, ತೆರೆದರು. ಹೊಗೆ ತಿಳಿಯಾಗಿತ್ತು. ಅತ್ತಿಗೆ ಕಿಟಾರನೆ ಕಿರುಚಿದಳು.

“ಚೀಲ! ಅತ್ತೆ ಚೀಲ ಇಲ್ಲ!”

“ಮೊದ್ಲೇ ಇರ್ಲಿಲ್ವೇನೋ,” ಎಂದ ಅಂಜನಮೂರ್ತಿ, ಧ್ವನಿ ಎಲ್ಲಿಂದ ಬಂತೋ.

“ಏಯ್, ನಾನೇ ಕಡೇಲಿ ಬಂದಿದ್ದು,” ಗುಡುಗಿದರು ಮಾವ. “ಚೀಲ ಅಲ್ಲೇ ಇತ್ತು. ಕಣ್ಣಾರೆ ಕಂಡಿದೀನಿ!” (ಆ ಎರಡೂ ಕಣ್ಣಿಗೆ ಪೊರೆ ಬಂದು, ವೈದ್ಯರ ಬಳಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು.) “ಅಕ್ಕ ಬಂದಿದ್ಲು. ಬಂದು, ಉಂಡು, ಚೀಲ ತಗೊಂಡು ಹೋಗಿದ್ದಾಳೆ.”

ಮುನಿರಾಜ ಗೋಡೆಗೆ ಒರಗಿದ. ದಪ್ಪಮೀಸೆಯ ಆ ಮನುಷ್ಯನ ತುಟಿ ಮಗುವಿನದರಂತೆ ಅದುರಿತು. ಅವನು ಗೋಡೆ ಬಿಟ್ಟು ನೇರ ತಮ್ಮನತ್ತ ಬಂದ.

“ಅಂಜಿ... ಅಮ್ಮ ಬಂದಿದ್ಲು ಕಣೋ.”

ಬಂದವನೇ ತಬ್ಬಿಕೊಂಡ. ಅಣ್ಣತಮ್ಮಂದಿರ ನಡುವೆ ವರ್ಷವೆಲ್ಲ ನಿಂತಿದ್ದ ಆ ಚೀಲ ಈಗಲೂ, ಅಕ್ಷರಶಃ, ನಡುವೆಯೇ ಇತ್ತು.

“ಏನೋ ಇದು ಗಟ್ಟಿಯಾಗಿ, ಹೊಟ್ಟೆ ಹತ್ರ?” ಎಂದ ಅಣ್ಣ ಬಿಕ್ಕುತ್ತ.

“ಗ್ಯಾಸ್ ಅಣ್ಣ.”

“ಊಟ ಸರಿಯಾಗ್ ಮಾಡೋ. ಅಮ್ಮ ಇಲ್ದಿದ್ ಮೇಲೆ ನಿನ್ನ ಕೇಳೋರ್ ಯಾರು?”

ಅಂಜನಮೂರ್ತಿಗೂ ಅಳು ಬಂತು. ಎಷ್ಟು ಭಾಗ ದುಃಖ, ಎಷ್ಟು ಭಾಗ ಭಯ ಎಂದು ಅವನಿಗೇ ತಿಳಿಯಲಿಲ್ಲ. ಮಾವ ಅಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು: “ಅಕ್ಕ ಎಲ್ಲಿಗ್ ಬರ್ತಾಳೆ ಅಂತ ಅವಳೇ ತೋರ್ಸಿದ್ಲು. ಇನ್ಮೇಲೆ ಎಡೆ ಯಾವಾಗ್ಲೂ ಈ ಮನೇಲೇ. ಕಿರಿಯನ ಮನೆ ಮಾತು ಬಿಡಿ.”

ವಾಪಸ್ ಬರುವಾಗ ಆಟೋದಲ್ಲಿ ಯಮುನಾ ಮುಖ ಹೊರಗೆ ಹಾಕಿ ಕೂತಿದ್ದಳು. ದರ್ಶಿನಿ ಮಾತ್ರ ಅಪ್ಪನ ಅಂಗಿಯನ್ನೇ ನೋಡುತ್ತಿದ್ದಳು. ಮನೆ ತಲುಪಿ ಯಮುನಾ ಕುರ್ಚಿಯಲ್ಲಿ ಕುಸಿದಳು.

“ಅತ್ತೆಗೆ ಹಲ್ಲು ಹೋದ್ಮೇಲೆ ದಿನಾ ಎಲೆಅಡಿಕೆ ಕುಟ್ಟಿ ಬಾಯಿಗಿಟ್ಟೋಳು ನಾನು. ಒಂದ್ ಕನಸಲ್ಲಾದ್ರೂ ಬರ್ಲಿಲ್ಲ. ಅಲ್ಲಿಗ್ ಮಾತ್ರ ಬಂದ್ರು. ನಾನೇನ್ರೀ ಕಮ್ಮಿ ಮಾಡಿದ್ದೆ?”

ಅತ್ತೆಗಾಗಿ ಸೊಸೆ ಅಷ್ಟು ಅತ್ತದ್ದನ್ನು ನೋಡಲು ಅತ್ತೆಯೇ ಇರಲಿಲ್ಲ. ಅಂಜನಮೂರ್ತಿಗೆ ತಡೆಯಲಾಗಲಿಲ್ಲ. ಅಂಗಿಯೊಳಗೆ ಕೈ ಹಾಕಿ, ಚೀಲ ತೆಗೆದು ಅವಳ ಮಡಿಲಿಗಿಟ್ಟ.

“ಅವಳು ಬಂದಿರ್ಲಿಲ್ಲ ಕಣೆ. ನಾನು ಕದ್ದೆ.”

“ನನಗ್ಗೊತ್ತಿತ್ತು,” ಎಂದಳು ದರ್ಶಿನಿ. “ಗ್ಯಾಸ್ ಯಾವತ್ತೂ ಲೊಟಲೊಟ ಅನ್ನಲ್ಲ ಅಪ್ಪ.”

ಬೈಗುಳದ ಮಳೆಗೆ ಅಂಜನಮೂರ್ತಿ ಕತ್ತು ಬಗ್ಗಿಸಿ ನಿಂತ. ಬರಲಿಲ್ಲ. ಯಮುನಾ ಚೀಲದ ದಾರ ಸಡಿಲಿಸಿ ಮೂಗಿಗೆ ಹಿಡಿದಳು. ಲವಂಗ, ಸುಣ್ಣ, ಕಾಚಿನ ವಾಸನೆ.

“ಅಂದ್ರೆ ಅತ್ತೆ ಅಲ್ಲಿಗೆ ಬಂದಿಲ್ಲ.”

“ಇಲ್ಲ!” ಎಂದ ಅವನು, ಗೆದ್ದವನಂತೆ.

“ಇಲ್ಲಿಗೂ ಬಂದಿಲ್ಲ.”

ಅವನು ಅಮ್ಮನ ಫೋಟೋ ಕಡೆ ತಿರುಗಿದ.

“ಅಣ್ಣಂಗೆ ಹೇಳ್ಬಿಡ್ತೀನಿ,” ಎಂದ. “ಬೈದ್ರೆ ಬೈಸ್ಕೋತೀನಿ.”

“ಬಾಯ್ಮುಚ್ಕೊಂಡಿರಿ. ಅವರು ನಿಮ್ಮನ್ನ ಹಿಡ್ಕೊಂಡು ಅತ್ತಿದ್ದು ಮರ್ತೋಯ್ತಾ? ಅಮ್ಮ ಬಂದಿದ್ಲು ಅಂತ ಒಂದ್ ಮನೆಯಾದ್ರೂ ಅನ್ಕೊಂಡಿರ್ಲಿ.” ಅವಳು ಎದ್ದು, ಚೀಲವನ್ನು ಬೀರುವಿನೊಳಗೆ, ರೇಷ್ಮೆ ಸೀರೆಗಳ ಅಡಿಯಲ್ಲಿಟ್ಟು ಬೀಗ ಹಾಕಿದಳು. “ಇನ್ನ ಇದು ಯಾರ ಕಣ್ಣಿಗೂ ಬೀಳ್ಬಾರ್ದು. ನಿಮ್ಮ ಕಣ್ಣಿಗೂ.”

ದೇವರ ಗೂಡಿನಲ್ಲಿ ಅಮ್ಮನ ಫೋಟೋ ಪಕ್ಕ ಅವನು ಬೆಳಿಗ್ಗೆಯೇ ಒರೆಸಿಟ್ಟಿದ್ದ ಜಾಗ ಹಾಗೇ ಖಾಲಿ ಉಳಿಯಿತು.

ಅಷ್ಟರಲ್ಲಿ ಫೋನ್ ಬಂತು. ಮುನಿರಾಜ. ವರ್ಷದ ಮೇಲೆ ಅಣ್ಣನ ಹೆಸರು ಫೋನಿನಲ್ಲಿ ಬೆಳಗಿದ್ದನ್ನು ಮೂವರೂ ನೋಡುತ್ತ ನಿಂತರು. ಯಮುನಾ ‘ಎತ್ತಿ’ ಎಂದು ಕಣ್ಣಲ್ಲೇ ಹೇಳಿದಳು.

“ಅಂಜಿ, ತಲುಪಿದ್ರೇನೋ?” ಅಣ್ಣನ ಧ್ವನಿ ಮೆತ್ತಗಿತ್ತು. “ನಿದ್ದೆ ಬರೋ ಹಾಗಿಲ್ಲ ಕಣೋ ನನಗೆ. ಮಾವ ಹೇಳಿದ್ರು, ಆ ಚೀಲ ಹಳೇದು, ಮುಂದಿನ ವರ್ಷ ಹೊಸದು ಹೊಲಿಸಿ, ತುಂಬ ಎಲೆಅಡಿಕೆ ಹಾಕಿ ಇಡು ಅಂತ. ಪ್ರತಿ ವರ್ಷಾನೂ ಇಡೋಣ ಅಂತಿದೀನಿ. ಆದ್ರೆ ಒಂದೇ ಭಯ.”

“ಏನಣ್ಣ?”

“ಅಮ್ಮ ತಗೋಳ್ದೆ ಹೋದ್ರೆ? ನಮ್ಮೇಲೆ ಮುನಿಸ್ಕೊಂಡಿದ್ದಾಳೆ ಅಂತ ತಾನೇ ಅರ್ಥ? ಆಮೇಲೆ ನಾನ್ ಹೆಂಗ್ ಇರ್ಲಿ ಹೇಳು. ತಗೋತಾಳಲ್ವೇನೋ?”

ಅಂಜನಮೂರ್ತಿ ಹೆಂಡತಿಯ ಮುಖ ನೋಡಿದ. ಮಗಳ ಮುಖ ನೋಡಿದ. ಇಬ್ಬರೂ ಬೇರೆಡೆಗೆ ತಿರುಗಿಕೊಂಡರು.

“ತಗೋತಾಳೆ ಅಣ್ಣ,” ಎಂದ. “ನಾನು ಬದುಕಿರೋವರೆಗೂ ತಗೋತಾಳೆ.”