ಕುಂಬಳಕಾಯಿಯ ಮೂಲಕ ಬಂದ ಆಶೀರ್ವಾದ

ತಮ್ಮನ ಮಗನ ಮದುವೆಯಲ್ಲಿ ನಾನು ದೊಡ್ಡಮ್ಮನ ಕಾಲು ಮುಟ್ಟಿದೆನೋ ಇಲ್ಲವೋ, ಆಣೆ ಇಟ್ಟು ಹೇಳಲಾರೆ. ಬಗ್ಗಿದ್ದು ನೆನಪಿದೆ. ಆದರೆ ಚಪ್ಪಲಿ ಹುಡುಕುವಾಗಲೂ ನಾನು ಹಾಗೇ ಬಗ್ಗುತ್ತೇನೆ. ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಅನುಮಾನಪಡುವುದನ್ನು. ದೇವರು, ದೆವ್ವ, ಹವಾಮಾನ ವರದಿ ಎಲ್ಲ ಮುಗಿದು ಈಗ ಸ್ವಂತ ನೆನಪಿನ ಸರದಿ ಬಂದಿದೆ. ದೊಡ್ಡಮ್ಮನಿಗೆ ಆ ತೊಂದರೆಯಿಲ್ಲ. "ಪದ್ಧತಿ ಪ್ರಕಾರ ಮೂರು ಸಲ ಕಾಲು ಮುಟ್ಟಬೇಕಾದವ ಒಂದು ಸಲವೂ ಮುಟ್ಟಲಿಲ್ಲ. ಅವನ ಮಗಳ ಮದುವೆಗೆ ನಾನು ಬರುವವಳಲ್ಲ" ಎಂದು ತಮ್ಮೂರು ಕರಿಕೆಯಿಂದ ಹೇಳಿ ಕಳಿಸಿದರು. ಅಮ್ಮ ತೀರಿಕೊಂಡ ಮೇಲೆ ನಮಗೆ ಹಿರಿಯರೆಂದರೆ ಅವರೊಬ್ಬರೇ. ಅವರು ಅಕ್ಕಿ ಹಾಕಿ ಹರಸದ ಮದುವೆ ನಮ್ಮ ಮನೆಯಲ್ಲಿ ಮದುವೆಯೇ ಅಲ್ಲ.

ಹೋಗಿ ಮುಟ್ಟಿ ಬರೋಣವೆಂದರೆ ಕರಿಕೆ ರಸ್ತೆಯ ತಿರುವುಗಳಲ್ಲಿ ನನಗೆ ಹೊಟ್ಟೆ ತೊಳಸುತ್ತದೆ. ಹಿಂದೊಮ್ಮೆ ದೊಡ್ಡಮ್ಮನ ಅಂಗಳದಲ್ಲಿ ಬಗ್ಗಿದ್ದು ನಮಸ್ಕಾರಕ್ಕಲ್ಲ. ಕೊನೆಗೆ ಎಂಜಿನಿಯರಿಂಗ್ ಓದಿದ ಮಗಳೇ ತಾನೂ ಗೆಳತಿಯರೂ ಮಾಡಿದ ಯಂತ್ರವೊಂದನ್ನು ತಂದಳು. ನಾನು ಮಡಿಕೇರಿಯಲ್ಲಿ ಕೈಗವಸು ತೊಟ್ಟು ಗಾಳಿಯನ್ನು ಮುಟ್ಟಿದರೆ ಕರಿಕೆಯಲ್ಲಿ ದೊಡ್ಡಮ್ಮ ಹಾಕಿಕೊಂಡ ಕಾಲುಚೀಲ ನಡುಗಿ, ಪಾದ ಮುಟ್ಟಿದಂತಾಗುತ್ತದಂತೆ. ಅವರು ನನ್ನ ತಲೆಯ ಬದಲು ಯಂತ್ರದ ಪಟ್ಟಿ ಕಟ್ಟಿದ ಕುಂಬಳಕಾಯಿಯ ಮೇಲೆ ಕೈಯಿಟ್ಟರೆ ಇಲ್ಲಿ ನನ್ನ ಟೋಪಿ ನೆತ್ತಿಯನ್ನು ಒತ್ತುತ್ತದಂತೆ. "ಬೊಂಬೆಯಾಟ" ಎಂದೆ. "ಅಪ್ಪ, ಸುಮ್ಮನೆ ಬಗ್ಗಿ" ಎಂದಳು.

ಅವರ ಪಾಲಿನದನ್ನು ಬಸ್ಸಿನಲ್ಲಿ ಕಳಿಸಿದೆವು. ವಿಡಿಯೋ ಕಾಲ್ ಮಾಡಿ, ಕೈಗವಸು ತೊಟ್ಟು, ಟೋಪಿ ಧರಿಸಿ, ಸೋಫಾದ ಮುಂದಿನ ಗಾಳಿಗೆ ಭಕ್ತಿಯಿಂದ ಬಗ್ಗಿದೆ. ಫೋನಿನಲ್ಲಿ ದೊಡ್ಡಮ್ಮ ಕುರ್ಚಿಯಿಂದ ಹಾರಿದರು.

"ಅಯ್ಯೋ, ಎಂತ ಮಾರಾಯ ಇದು, ಕಚಗುಳಿ!"

"ನಾನೇ ದೊಡ್ಡಮ್ಮ, ಕಾಲು ಮುಟ್ತಾ ಇದ್ದೇನೆ" ಎಂದು ಮತ್ತೊಮ್ಮೆ ಮುಟ್ಟಿದೆ.

"ಎರಡು ಆಯ್ತು. ಮೂರನೇದು ಸ್ವಲ್ಪ ಗಟ್ಟಿ ಮುಟ್ಟು, ಜಿಪುಣ!"

ಮೂರನೆಯದನ್ನೂ ಮುಟ್ಟಿದೆ. ಅವರು ಕುಂಬಳಕಾಯಿಯ ಮೇಲೆ ಕೈಯಿಟ್ಟು, "ನಿನ್ನ ತಲೆಗಿಂತ ಇದರೊಳಗೆ ಜಾಸ್ತಿ ಉಂಟು. ಆಗಲಿ, ಒಳ್ಳೇದಾಗಲಿ" ಎಂದರು.

ಏನು ಹೇಳಲಿ! ಕೈ ತಾಗಿತು. ಬೆಚ್ಚಗಿತ್ತು. ಚಿಕ್ಕಂದಿನಲ್ಲಿ ತಲೆಗೆ ಎಣ್ಣೆ ಹಚ್ಚುವಾಗ ತಾಗುತ್ತಿದ್ದ ಅವರ ಉಂಗುರವೂ ತಾಗಿತು. ವಿಜ್ಞಾನದ ಎದುರು ನಾನು ಗೊಳೋ ಎಂದು ಅತ್ತುಬಿಟ್ಟೆ.

"ಅಳ್ಬೇಡ, ಬರ್ತೇನೆ" ಎಂದರು ದೊಡ್ಡಮ್ಮ. ಬಂದರು, ಅಕ್ಕಿ ಹಾಕಿದರು. ನನ್ನ ತಲೆಯಾಗಿದ್ದ ಕುಂಬಳಕಾಯಿಯನ್ನೂ ತಂದಿದ್ದರು. ಪಲ್ಯ ಮಾಡಿ ತಿಂದೆವು.

ಮದುವೆಯುದ್ದಕ್ಕೂ ನಾನು ಕಂಡಕಂಡವರಿಗೆ ಆ ಟೋಪಿಯ ಸೂಕ್ಷ್ಮತೆಯನ್ನು ಕೊಂಡಾಡಿದೆ. ಮೊನ್ನೆ ಯಂತ್ರವನ್ನು ಡಬ್ಬಕ್ಕೆ ತುಂಬುವಾಗ ಒಂದು ಸಂಗತಿಯನ್ನು ಕಣ್ಣಾರೆ ನೋಡಿ, ಮಗಳನ್ನೂ ಕೇಳಿ ಖಚಿತಪಡಿಸಿಕೊಂಡೆ: ಟೋಪಿಗೆ ಇದ್ದದ್ದು ಒಂದೇ ಬ್ಯಾಟರಿ, ಅದು ಪ್ಲಾಸ್ಟಿಕ್ ಕೂಡ ಬಿಚ್ಚದೆ ಡಬ್ಬದ ತಳದಲ್ಲೇ ಇತ್ತು.