ರಾಯಬಾಗ, ಕರೋಶಿ, ನಿಪ್ಪಾಣಿಗಳಲ್ಲಿ ಉಣ್ಣದೆ ಘಟ್ಟ ಮುಟ್ಟಲು ಅನುಮತಿ

ಇಂದ:
ಮುರಗೆಪ್ಪ, ವಯಸ್ಸು ಐವತ್ತೆರಡು, ದ್ರಾಕ್ಷಿ ಬೆಳೆಗಾರ, ಐಗಳಿ, ತಾ. ಅಥಣಿ (ಘಟ್ಟವನ್ನು ಮೊಬೈಲಿನಲ್ಲಿ ಮಾತ್ರ ಕಂಡವನು).

ಗೆ:
ಶ್ರೀಮತಿ ಸುಂದ್ರವ್ವನವರು, ಅರ್ಜಿದಾರನ ಹೆತ್ತ ತಾಯಿ ಹಾಗೂ ಸಮಸ್ತ ಬಳಗದ ಮೇಲಧಿಕಾರಿಗಳು, ಪಡಸಾಲೆ, ಅದೇ ಮನೆ.

ವಿಷಯ: ನಾಲ್ಕು ದಿನಗಳ ಜೀಪು ಪ್ರವಾಸದಲ್ಲಿ ನೆಂಟರ ಮನೆಗಳ ಮುಂದೆ ನಿಲ್ಲದೆ ಹಾದುಹೋಗುವ ಬಗ್ಗೆ.

ಉಲ್ಲೇಖ: ಸೋಮವಾರ ರೊಟ್ಟಿ ಬಡಿಯುತ್ತ ತಾವು ಹೊರಡಿಸಿದ ಮೌಖಿಕ ಆದೇಶ: "ಬಳಗದವರ ಬಾಗಲಾ ದಾಟಿ ಹಂಗ ಹೋದ್ರ ಅವರೇನ ತಿಳ್ಕೊಂಡಾರು? ಇಳದು ಉಂಡು ಹೋಗ್ರಿ."

ಮಾನ್ಯರೇ,

ಸದರಿ ಅರ್ಜಿದಾರನು ಮಗ ವಿಶಾಲನೊಡನೆ ಸಹ್ಯಾದ್ರಿಯ ಕಾಡುದಾರಿಗಳಲ್ಲಿ ಜೀಪು ಓಡಿಸಬೇಕೆಂದು ಮೂರು ವರ್ಷಗಳಿಂದ ಹಂಬಲಿಸುತ್ತಿದ್ದಾನೆ. ನಾಲ್ಕೂ ಗಾಲಿ ಎಳೆಯುವ ಹಳೆಯ ಜೀಪನ್ನು ಕೊಂಡದ್ದು ಇದಕ್ಕೆಂದೇ. ಎಂಟು ದಿನದಿಂದ ಖುಷಿಗೆ ಅರ್ಜಿದಾರನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಿತ್ತಲಲ್ಲಿ ನಿಂತ ಜೀಪನ್ನೇ ಹತ್ತಿ, ಬಾಯಲ್ಲೇ ಇಂಜಿನ್ ಸದ್ದು ಮಾಡುತ್ತ ಘಟ್ಟದ ತಿರುವುಗಳನ್ನು ಹೊಡೆಯುತ್ತಿದ್ದಾನೆ. ತಮ್ಮ ಸೊಸೆ ಇದನ್ನು ಕಂಡು ಅಕ್ಕಪಕ್ಕದವರನ್ನೂ ಕರೆದು ತೋರಿಸಿದ್ದಾಳೆ.

ಹೋದ ವರ್ಷದ ವೃತ್ತಾಂತವನ್ನು ತಮ್ಮ ಅವಗಾಹನೆಗೆ ತರಲಾಗಿದೆ:

೧. ಮೊದಲ ದಿನ ರಾಯಬಾಗದ ತಂಗಿ ನೀಲಮಳ ಮನೆಯಲ್ಲಿ ಬರೀ ಚಹಾಕ್ಕೆಂದು ಇಳಿಯಲಾಯಿತು. ಒಳಗೆ ಆಗಲೇ ಹೂರಣ ರುಬ್ಬುತ್ತಿದ್ದರು. "ಅಣ್ಣಾ, ಹೋಳಿಗಿ ಬಿಟ್ಟು ಹ್ವಾದ್ರ ನನ್ನ ಆಣಿ ಐತಿ ನೋಡು" ಎಂದಳು. ಆಣೆಯ ಕಾರಣ ಉಂಡದ್ದು, ಉಂಡ ಕಾರಣ ಅಡ್ಡಾಗಿದ್ದು, ಅಡ್ಡಾದ ಕಾರಣ ಸಂಜೆ, ಸಂಜೆಯಾದ ಕಾರಣ ಅಲ್ಲೇ ವಸ್ತಿ.

೨. ಎರಡನೆಯ ದಿನ ಕರೋಶಿಯಲ್ಲಿ ತಮ್ಮ ಸೋದರ ಸಿದ್ದಲಿಂಗ ಮಾಮಾ ರಸ್ತೆಗೇ ಬಂದು ಜೀಪಿಗೆ ಅಡ್ಡ ನಿಂತಿದ್ದರು. ಗೋದಿ ಹುಗ್ಗಿ. ಹೆಚ್ಚಿನ ವಿವರ ಬೇಡ.

೩. ಮೂರನೆಯ ದಿನ ನಿಪ್ಪಾಣಿ. ಅದು ಮಗಳು ಸೌಂದರ್ಯಾಳನ್ನು ಕೊಟ್ಟ ಮನೆ. ಬೀಗರ ಮಾತು ಮೀರುವಂತಿಲ್ಲ. ಊಟವಾದ ಮೇಲೆ ಬೀಗರಾದ ಅಣ್ಣಾಸಾಬರು ಜೀಪಿನ ಗೇರು ಮುಟ್ಟಿ ನೋಡಿ, "ಇದು ಎಲ್ಲಿ ಬೇಕಾದಲ್ಲಿ ಹತ್ತತೈತೇನ್ರಿ?" ಎಂದರು. ಅರ್ಜಿದಾರನು ಎದೆಯುಬ್ಬಿಸಿ ಅವರ ತಿಪ್ಪೆಯನ್ನೇ ಹತ್ತಿಸಿ ತೋರಿಸಿದನು. ನಾಲ್ಕು ಗಾಲಿಯ ಗೇರು ಈವರೆಗೆ ಬಳಕೆಯಾದದ್ದು ಅದೊಂದೇ ಸಲ.

೪. ನಾಲ್ಕನೆಯ ದಿನ, ಮರುದಿನವೇ ದ್ರಾಕ್ಷಿಗೆ ಔಷಧ ಹೊಡೆಯುವ ಪಾಳಿ ಇದ್ದ ಕಾರಣ ಅಲ್ಲಿಂದಲೇ ವಾಪಸು. ಊರಲ್ಲಿ "ಹೆಂಗಿತ್ತಪಾ ಘಾಟ?" ಎಂದವರಿಗೆಲ್ಲ "ಭಾರೀ ಇತ್ತು" ಎಂದು ಹೇಳಿದ್ದಾಯಿತು. ಹಾಗೆ ಹೇಳುವಾಗ ಅರ್ಜಿದಾರನಿಗೆ ನಿಜಕ್ಕೂ ಅಳು ಬಂದಿತ್ತು.

ಈ ಸಲವೂ ಬಿಡುವಿರುವುದು ನಾಲ್ಕೇ ದಿನ. ಆಮೇಲೆ ಅಕ್ಟೋಬರಿನ ಚಾಟಣಿ, ಬಳ್ಳಿ ಕತ್ತರಿಸಲು ನಿಂತರೆ ತೋಟ ಬಿಟ್ಟು ಕದಲುವಂತಿಲ್ಲ. ಮುಂದಿನ ವರ್ಷವೆಂದರೆ ಸೊಂಟ ಈಗಲೇ ತಕರಾರು ತೆಗೆದಿದೆ. ಸುತ್ತು ಬಳಸಿ ಹೋಗೋಣವೆಂದರೆ ಕುಡಚಿ, ಕಾಗವಾಡಗಳಲ್ಲೂ ನಮ್ಮವರಿದ್ದಾರೆ.

ಆದ್ದರಿಂದ ತಾವು ಮೂರೂ ಮನೆಗಳಿಗೆ ಫೋನು ಮಾಡಿ, "ಈ ಸಲ ಅವರು ನಿಂದ್ರಂಗಿಲ್ಲ, ಸಿಟ್ಟಾಗಬ್ಯಾಡ್ರಿ" ಎಂದು ಒಂದು ಮಾತು ಹೇಳಬೇಕು. ತಮ್ಮ ಮಾತು ಬಿಟ್ಟು ಅಲ್ಲಿ ಇನ್ನಾರದೂ ನಡೆಯುವುದಿಲ್ಲ.

ಸದಾ ಹೊಟ್ಟೆ ತುಂಬಿರುವ ತಮ್ಮ ವಿಶ್ವಾಸಿ,
ಮುರಗೆಪ್ಪ

ಅಡಕಗಳು:
೧. ಅಂಬೋಲಿ ಘಾಟಿನ ನಕ್ಷೆ, ವಿಶಾಲ ಬರೆದದ್ದು (ನೆಂಟರಿರುವ ಊರುಗಳನ್ನು ಅಳಿಸಿದೆ).
೨. ತಿಪ್ಪೆಯ ಮೇಲೆ ಜೀಪಿನ ಫೋಟೊ.
೩. ನಾಲ್ಕು ದಿನಕ್ಕಾಗುವಷ್ಟು ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ). ನೋಡಿ ಹಿಂದಿರುಗಿಸುವುದು.

ವಿ.ಸೂ.: ಸಹಿ ಹಾಕುವಷ್ಟರಲ್ಲಿ ತಾವು ಒಳಗೆ ಫೋನಿನಲ್ಲಿ, "ನೀಲವ್ವಾ, ಶುಕ್ರವಾರ ಬರಾಕತ್ತಾರ, ಹೋಳಿಗಿ ಮಾಡಿಡು. ನಿಪ್ಪಾಣಿಗೂ ಹೇಳೀನಿ" ಎಂದದ್ದು ಕೇಳಿಸಿತು. ಆದ ಕಾರಣ ಮೇಲಿನ ಕೋರಿಕೆಯನ್ನು ಹಿಂಪಡೆಯಲಾಗಿದೆ. ವಿಶಾಲನಿಗೆ ತಾವು ಹೇಗೂ ಹೆಣ್ಣು ಹುಡುಕುತ್ತಿದ್ದೀರಿ. ಅವನದೇನೂ ಅಡ್ಡಿಯಿಲ್ಲ, "ಘಾಟ ಕಾಣೋದಾದ್ರ ನಾ ತಯಾರದೀನಿ" ಎಂದಿದ್ದಾನೆ. ಕಾರಣ, ಅಂಬೋಲಿಯ ಕಡೆ, ಸಾಧ್ಯವಾದಷ್ಟು ಎತ್ತರದಲ್ಲಿ, ಒಂದು ಬೀಗತನ ಕೂಡಿಸಿಕೊಡಬೇಕಾಗಿ ವಿನಂತಿ. ಅಲ್ಲಿ ಎಷ್ಟು ದಿನ ಉಣ್ಣೆಂದರೂ ಅರ್ಜಿದಾರನು ಉಣ್ಣುತ್ತಾನೆ.