ಎರಡು ಕಡ್ಡಿ, ಒಂದು ಬಾಳೆಹಣ್ಣು

ನಾನು ಎರಡು ಕಡ್ಡಿ ಹಿಡಿದು ಊಟಕ್ಕೆ ಕೂತೆನೆಂದರೆ ಏನಾದರೊಂದು ಆಗಲೇಬೇಕು. ಜಪಾನಿನ ಹೋಟೆಲಿರಲಿ, ಕೊರಿಯಾದ ಹೋಟೆಲಿರಲಿ, ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕು ನನ್ನ ಬೆನ್ನು ಹತ್ತಿ ಬಂದು ಎದುರಿನ ಕುರ್ಚಿಯಲ್ಲಿ ಕೂಡುತ್ತವೆ. ಒಂದು ದಿನವೂ ನೆಮ್ಮದಿಯಾಗಿ ಉಂಡಿಲ್ಲ.

ನನ್ನ ಉದ್ಯೋಗ ಜಗಳ. ಮೂರು ತಾಲೂಕಿನ ರಸ್ತೆ ಹೋರಾಟ ಸಮಿತಿಯ ಕಾರ್ಯದರ್ಶಿ ನಾನು. ಶಾಲೆ ಅರ್ಧಕ್ಕೇ ಬಿಟ್ಟವನು. ಓದಿದ್ದೆಲ್ಲ ಕರಪತ್ರ, ಕಾಯ್ದೆ ಪುಸ್ತಕ ಮತ್ತು ಪೊಲೀಸ್ ಠಾಣೆಯ ಗೋಡೆ. ನಾವು ಬೌದ್ಧರು. ಜಪಾನಿನಲ್ಲೂ, ಕೊರಿಯಾದಲ್ಲೂ ಬೌದ್ಧರಿದ್ದಾರೆ, ನಮ್ಮ ಬೀಗರು ಏನು ಉಣ್ಣುತ್ತಾರೋ ನೋಡೋಣ ಅಂತ ಒಮ್ಮೆ ದೊಡ್ಡ ಊರಿನ ಅಂಥದೊಂದು ಹೋಟೆಲಿಗೆ ಹೋದೆ. ನಾಲಿಗೆ ಅಲ್ಲೇ ಉಳಿಯಿತು. ಮನೆಯಲ್ಲಿ ತೊಗರಿ ಕಟ್ಟಿಗೆಯ ಎರಡು ಕಡ್ಡಿ ಕೆತ್ತಿ, ಶೇಂಗಾ ಬೀಜ ಎತ್ತಿ ಎತ್ತಿ ಅಭ್ಯಾಸ ಮಾಡಿದೆ. "ಹೋರಾಟಗಾರಗ ಜಪಾನ್ ಊಟ ಯಾಕ ಬೇಕು?" ಅಂತ ಕೇಳುವವರಿದ್ದಾರೆ. ಹೋರಾಟಗಾರ ಸಾಯುವತನಕ ಚುರುಮುರಿ ಸುಸಲಾ, ಮಿರ್ಚಿ ಭಜಿಯನ್ನೇ ತಿನ್ನಬೇಕು ಅಂತ ಯಾವ ಕಾಯ್ದೆಯಲ್ಲಿ ಬರೆದಿದೆ? ತೋರಿಸಿದರೆ ಬಿಡುತ್ತೇನೆ.

೧. ಎರಡು ಥರದ ಗ್ಲಾಸು

ಕಲಬುರಗಿಯಲ್ಲಿ ಕೊರಿಯಾದ ಹೋಟೆಲು ತೆರೆದಿದೆ ಅಂತ ಗೊತ್ತಾದ ವಾರವೇ ಹೆಂಡತಿಯನ್ನು ಕರೆದುಕೊಂಡು ಹೋದೆ. ಪಕ್ಕದ ಮೇಜಿನವರ ಮುಂದೆ ಸ್ಟೀಲ್ ಗ್ಲಾಸು ಇದ್ದವು. ನಮ್ಮ ಮುಂದೆ ಪಿಂಗಾಣಿ ಕಪ್ಪು ತಂದಿಟ್ಟರು. ನನ್ನ ನೆತ್ತಿ ಕಾದಿತು.

ಕಾರಣವಿದೆ. ನಮ್ಮೂರ ಚಹಾದಂಗಡಿಯಲ್ಲಿ ನನ್ನ ಅಪ್ಪನಿಗೆ ಬೇರೆ ಗ್ಲಾಸು ಇತ್ತು. ಗೋಡೆಯ ಗೂಡಿನಿಂದ ಅವನೇ ತೆಗೆದುಕೊಳ್ಳಬೇಕು, ದೂರ ಕೂತು ಕುಡಿಯಬೇಕು, ಕುಡಿದ ಮೇಲೆ ಅವನೇ ತೊಳೆದು ಬೋರಲು ಇಡಬೇಕು. ಆ ಗೂಡು ಮುಚ್ಚಿಸಿದ್ದೇ ನನ್ನ ಮೊದಲ ಹೋರಾಟ. ಅಂದಿನಿಂದ ಎರಡು ಥರದ ಗ್ಲಾಸು ಕಂಡಲ್ಲಿ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ.

ಎದ್ದು ನಿಂತೆ. "ಅವರಿಗೆ ಸ್ಟೀಲು, ನಮಗ ಮಣ್ಣಿಂದು! ಯಾಕ್ರಿ? ನಮ್ಮ ಮಾರಿ ಮ್ಯಾಲ ಏನರ ಬರದದೇನು?"

ಮ್ಯಾನೇಜರ್ ಓಡಿ ಬಂದ. "ಸರ್, ಕೂಡ್ರಿ ಸರ್..."

"ಕೂಡಂಗಿಲ್ಲ! ಮೊದಲ ಉತ್ತರ ಕೊಡ್ರಿ! ಈ ಹೋಟೆಲ್ ಮುಂದ ನಾಳಿಂದ ಧರಣಿ!"

ಮೂಲೆಯಲ್ಲಿದ್ದ ಕಾಲೇಜು ಹುಡುಗಿಯರು ವಿಡಿಯೋ ಮಾಡತೊಡಗಿದರು. ಮ್ಯಾನೇಜರ್ ಕೈಮುಗಿದ. "ಸರ್, ಸ್ಟೀಲಿನ್ಯಾಗ ತಣ್ಣೀರು, ಕಪ್ಪಿನ್ಯಾಗ ಬಿಸಿ ಚಹಾ. ಎಲ್ಲಾರಿಗೂ ಎರಡೂ ಕೊಡ್ತೇವಿ. ಅವರಿಗೆ ನೀರು ಮೊದಲ ಬಂತು, ನಿಮಗ ಚಹಾ ಮೊದಲ ಬಂತು. ಅಷ್ಟೇ ಸರ್."

ಅವನು ಹೇಳುತ್ತಿದ್ದಂತೆಯೇ ನಮ್ಮ ಮೇಜಿಗೆ ಎರಡು ಸ್ಟೀಲ್ ಗ್ಲಾಸು ಬಂದವು. ಹೆಂಡತಿ ನನ್ನ ಅಂಗಿ ಜಗ್ಗಿದಳು. "ಧರಣಿ ಮುಗಿದಿದ್ರ ಕೂಡ್ರಿ. ಚಹಾ ಆರಾಕತ್ತದ."

೨. ದೇವರು ಪ್ಯಾಕ್ ಮಾಡಿದ್ದು

ಅಂದು ಅವಳು ಕೊರಿಯಾದ ಹುಳಿ ಎಲೆಕೋಸು ಬಾಯಿಗಿಟ್ಟು, "ಇದು ನಮ್ಮ ಹುಳಿ ಪುಂಡಿ ಪಲ್ಯದ ಹೊರದೇಶದ ತಂಗಿ" ಅಂದಳು. ಆಮೇಲೆ, "ಇದನ್ನ ತಿನ್ನಾಕ ಮಂದಿ ಇಲ್ಲಿತನ ಬರ್ತಾರ. ನಾ ಮಾಡಿದ ಪುಂಡಿ ಪಲ್ಯ ಎದುರಿಗಿಟ್ರ ಬಾಳೆಹಣ್ಣು ಕೇಳ್ತಾರ" ಅಂದಳು.

ಆ ಮಾತು ಗೌಡರ ಬಗ್ಗೆ. ಗೌಡರು ನಮ್ಮೂರಿನವರೇ, ಸಮಿತಿಯ ಅಧ್ಯಕ್ಷರು. ಮನುಷ್ಯ ಕೆಟ್ಟವರಲ್ಲ. ಖಜೂರಿಯ ರಸ್ತೆ ತಡೆಯಲ್ಲಿ ನನ್ನ ಪಕ್ಕದಲ್ಲೇ ಬಿಸಿಲಿಗೆ ಮಲಗಿದವರು, ನನ್ನ ಜೊತೆಗೇ ಪೊಲೀಸ್ ವ್ಯಾನ್ ಹತ್ತಿದವರು. ವೇದಿಕೆ ಸಿಕ್ಕರೆ, "ಶರಣರು ಒಂದೇ ಪಂಕ್ತಿಯಲ್ಲಿ ಉಂಡರು" ಅಂತ ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ನಮ್ಮ ಮನೆಗೆ ಬರುತ್ತಾರೆ, ಕುರ್ಚಿಯಲ್ಲಿ ಕೂಡುತ್ತಾರೆ, ನಗುತ್ತಾರೆ. ಊಟದ ಮಾತು ಬಂತೋ, ಒಂದು ದಿನ "ಇವತ್ತ ಸೋಮವಾರ ಅದ", ಇನ್ನೊಂದು ದಿನ "ಹೊಟ್ಟಿ ಸರಿ ಇಲ್ಲ", ಮತ್ತೊಂದು ದಿನ "ಈಗಷ್ಟೇ ಉಂಡು ಬಂದೇನಿ. ಒಂದು ಬಾಳೆಹಣ್ಣು ಇದ್ರ ಕೊಡು ತಂಗಿ."

ಬಾಳೆಹಣ್ಣಿನ ಅನುಕೂಲ ನಮ್ಮ ಭಾಗದ ಎಲ್ಲರಿಗೂ ಗೊತ್ತು. ಅದನ್ನು ದೇವರೇ ಪ್ಯಾಕ್ ಮಾಡಿ ಕಳಿಸಿರುತ್ತಾನೆ. ಯಾರ ಕೈ ತಾಗಿದರೂ ಸಿಪ್ಪೆಗೆ ತಾಗುತ್ತದೆ. ಉಂಡ ಹಾಗೂ ಆಯಿತು, ಉಣ್ಣದ ಹಾಗೂ ಆಯಿತು.

ನನ್ನ ಹೆಂಡತಿ ಒಂದು ದಿನ ಹಣ್ಣು ಸುಲಿದು ತಾಟಿನಲ್ಲಿಟ್ಟು ಕೊಟ್ಟಳು. ಗೌಡರು ಅದನ್ನು ನೋಡಿದರು. ಅದು ಗೌಡರನ್ನು ನೋಡಿತು. "ಸುಲಿದದ್ದು ಲಗೂನ ಕಪ್ಪಾಗ್ತದ ತಂಗಿ. ಸಿಪ್ಪಿ ಇದ್ದದ್ದು ಇನ್ನೊಂದು ಇದ್ರ ನೋಡು" ಅಂದರು.

ಅವರು ಹೋದ ಮೇಲೆ ಅವಳು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು ಆಜ್ಞೆ ಹೊರಡಿಸಿದಳು. "ಆ ಮನಷ್ಯಾ ನಾ ಬಡಿದ ರೊಟ್ಟಿ ತಿನ್ನೋತನಕ ನಿಮ್ಮ ಮೀಟಿಂಗ್ ಈ ಮನ್ಯಾಗ ಬ್ಯಾಡ. ಸಮಾನತೆ ಏನದನೋ ಹೊರಗ ಬೇವಿನ ಗಿಡದ ಕೆಳಗ ಮಾಡ್ಕೋರಿ."

ಅಂದಿನಿಂದ ಸಮಾನತೆಯ ಮೇಲೆ ಕಾಗೆ ಹಿಕ್ಕೆ ಹಾಕುತ್ತಿದೆ.

೩. ಚಪ್ಪಲಿ

ಹೈದರಾಬಾದಿಗೆ ಒಂದು ಸಭೆಗೆ ಹೋದಾಗ ಜಪಾನಿನ ಹೋಟೆಲು ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ಒಬ್ಬ ಹುಡುಗಿ, ಚಪ್ಪಲಿ ಬಿಟ್ಟು ಒಳಗೆ ಬನ್ನಿ ಅಂದಳು.

ನನ್ನ ಅಜ್ಜ ದೊಡ್ಡವರ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನು. "ನಾ ಯಾರ ಮುಂದೂ ಚಪ್ಪಲಿ ಬಿಡಂಗಿಲ್ಲ!" ಅಂತ ನಮ್ಮ ಕಡೆಯ ಹಿಂದಿಯಲ್ಲಿ ಗುಡುಗಿದೆ. ಆ ಹುಡುಗಿ ತನ್ನ ಕಾಲು ತೋರಿಸಿದಳು. ಬರಿಗಾಲು. ಪಕ್ಕದಲ್ಲಿ ಬೂಟುಗಳ ಸಾಲು ತೋರಿಸಿದಳು. ಸಾಹುಕಾರರದು, ಸಾಹೇಬರದು, ಒಂದು ಜೊತೆಯಂತೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎಲ್ಲರೂ ಬಿಟ್ಟರೆ ಅದು ಅವಮಾನವಲ್ಲ. ನನ್ನ ಹಳೆಯ ಕೊಲ್ಹಾಪುರಿಯನ್ನು ಆ ಹೊಳೆಯುವ ಬೂಟಿನ ಪಕ್ಕದಲ್ಲೇ ಬಿಟ್ಟೆ. ನಿಜ ಹೇಳುತ್ತೇನೆ, ನೋಡಿ ಎದೆ ತುಂಬಿ ಬಂತು.

ಉಂಡು ಹೊರಗೆ ಬಂದರೆ ಹೊಳೆಯುವ ಬೂಟು ಅಲ್ಲೇ ಇತ್ತು. ನನ್ನ ಕೊಲ್ಹಾಪುರಿ ಇರಲಿಲ್ಲ.

೪. ಯಾರ ಪೈಕಿ?

ಅದೇ ಹೋಟೆಲಿನ ಒಳಗೆ ನಡೆದದ್ದು ಚಪ್ಪಲಿ ಹೋದದ್ದಕ್ಕಿಂತ ಕೆಟ್ಟದ್ದು. ಕಟ್ಟೆಯ ಆಚೆ ಅಡುಗೆಯವ, ಹಣೆಗೆ ಬಿಳಿ ಪಟ್ಟಿ ಕಟ್ಟಿಕೊಂಡು ಮೀನು ಕೊಯ್ಯುತ್ತಿದ್ದ. ಈಚೆ ನಾನು. ಬಾಯಲ್ಲಿ ಹಸಿ ಮೀನು ಕರಗುತ್ತಿತ್ತು. ಇಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಅನ್ನುವ ಸುಖದಲ್ಲಿದ್ದೆ. ಆಗ ಹೆಂಡತಿಯ ಫೋನು ಬಂತು, ನಮ್ಮೂರ ಕನ್ನಡದಲ್ಲಿ ಮಾತಾಡಿ ಇಟ್ಟೆ.

ಅಡುಗೆಯವನ ಚಾಕು ನಿಂತಿತು. "ಅಣ್ಣಾರ, ಯಾವೂರ್ರಿ?"

"ಆಳಂದ ಕಡೆ."

"ನಂದು ಯಡ್ರಾಮಿ ರಿ, ಜೇವರ್ಗಿ ಕಡೆ!" ಅವನಿಗೆ ಕುಣಿಯುವಷ್ಟು ಖುಷಿ. ನನಗೂ ಆಯಿತು. ಒಂದು ತುಂಡು ಮೀನು ಹೆಚ್ಚಿಗೆ ಇಟ್ಟ. ಆಮೇಲೆ ಶುರು ಮಾಡಿದ.

"ಆಳಂದ ಕಡಿಗೆ ಯಾವ ಹಳ್ಳಿ ರಿ?" ಹೇಳಿದೆ. "ಹಳ್ಯಾಗ ಯಾವ ಓಣಿ ರಿ?" ಬಾಯಿಗೆ ಇನ್ನೊಂದು ತುಂಡು ಮೀನು ತುರುಕಿಕೊಂಡೆ. "ಅಡ್ಡಹೆಸರು ಏನ್ರಿ?"

ನಮ್ಮ ಜಿಲ್ಲೆಯಲ್ಲಿ ರಸ್ತೆ ಕೆಟ್ಟಿರಬಹುದು, ಆದರೆ ಈ ರಸ್ತೆ ಮಾತ್ರ ಡಾಂಬರು ಹಾಕಿದ್ದು. ಊರು, ಓಣಿ, ಅಡ್ಡಹೆಸರು. ಮುಂದಿನ ನಿಲ್ದಾಣ ಜಾತಿ. ಒಂದು ಹಗಲು ಬಸ್ಸಿನಲ್ಲಿ ಕೂತು, ಹಸಿ ಮೀನು ತಿನ್ನುವಲ್ಲಿಗೆ ಬಂದರೂ ಅದೇ ಬಸ್ಸು.

"ನೀವು ಯಾರ ಪೈಕಿ ಅಂತ ನಾ ಕೇಳಿದೆನೇನು?" ಅಂದೆ.

"ಸಿಟ್ಟಾಗಬ್ಯಾಡ್ರಿ ಅಣ್ಣಾರ. ನಮ್ಮವರೇ ಏನೋ ಅಂತ ಸುಮ್ಮ ಕೇಳ್ದೆ."

"ನಾ ಜಪಾನಿನವರ ಪೈಕಿ!"

ಅವನು ನಗಲಿಲ್ಲ. ಚಾಕು ಒರೆಸುತ್ತ ಗಂಭೀರವಾಗಿ ಯೋಚಿಸಿದ. "ಹೌದ್ರಿ. ಆದ್ರ ಜಪಾನಿನವರಾಗೂ ಒಳಗೊಳಗ ಬ್ಯಾರೆ ಬ್ಯಾರೆ ಇರ್ತಾರಲ್ರಿ. ಅದ್ರಾಗ ಯಾರು?"

೫. ಒಂದೇ ಗಡಿಗೆ

ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಬರುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಗೌಡರು, ಜೇವರ್ಗಿಯ ಒಬ್ಬ ಸದಸ್ಯ, ನಾನು, ಮೂವರಿಗೂ ಹಸಿವು. ಕೊರಿಯಾದ ಹೋಟೆಲಿಗೆ ಎಳೆದುಕೊಂಡು ಹೋದೆ. ನನ್ನನ್ನು ಕಂಡ ಕೂಡಲೇ ಮ್ಯಾನೇಜರ್ ಸ್ಟೀಲ್ ಗ್ಲಾಸು, ಕಪ್ಪು ಎರಡನ್ನೂ ಒಟ್ಟಿಗೆ ತಂದಿಟ್ಟ.

"ಸರ್, ಕೊರಿಯನ್ ಖಾರ ಭಾಳ ಇರ್ತದ, ತಡಕೋತೀರೇನು?" ಅಂತ ಬಡಿಸುವವ ಕೇಳಿದ. ಜೇವರ್ಗಿಯವ ಒಂದು ತುತ್ತು ತಿಂದು, "ಇದಕ್ಕ ಸಕ್ಕರಿ ಯಾಕ ಹಾಕ್ಯಾರ?" ಅಂತ ಕೇಳಿ, ಕಿಸೆಯಿಂದ ಹಸಿಮೆಣಸಿನಕಾಯಿ ಚಟ್ನಿಯ ಪೊಟ್ಟಣ ತೆಗೆದ. ಬಡಿಸುವವ ವಾಸನೆಗೇ ಕೆಮ್ಮಿ ಹಿಂದೆ ಸರಿದ.

ಮೇಜಿನ ನಡುವೆ ಒಲೆ, ಒಲೆಯ ಮೇಲೆ ಒಂದು ಗಡಿಗೆ. ಒಳಗೆ ಅಣಬೆ, ಸೊಪ್ಪು, ಶಾವಿಗೆ ಕುದಿಯುತ್ತಿದ್ದವು. ಗೌಡರು ಸಸ್ಯಾಹಾರಿ ಅಂತ ಹೇಳಿಯೇ ತರಿಸಿದ್ದೆ. ಅಲ್ಲಿ ಯಾರೂ ಯಾರಿಗೂ ಬೇರೆ ಬಡಿಸುವುದಿಲ್ಲ. ಎಲ್ಲರ ಕಡ್ಡಿಯೂ ಅದೇ ಗಡಿಗೆಗೆ. ಗೌಡರ ಕಡ್ಡಿಗೆ ಶಾವಿಗೆ ಸಿಗುತ್ತಿರಲಿಲ್ಲ. ಎತ್ತಿದರೆ ಜಾರಿ ಧೋತರದ ಮೇಲೆ ಬೀಳುತ್ತಿತ್ತು. ನಾನು ನನ್ನ ಕಡ್ಡಿಯನ್ನು ಬಾಯಿಂದ ತೆಗೆದು, ಗಡಿಗೆಗೆ ಅದ್ದಿ, ಶಾವಿಗೆ ಎತ್ತಿ ಅವರ ಬಟ್ಟಲಿಗೆ ಹಾಕಿದೆ. ಉಸಿರು ಹಿಡಿದು ನೋಡಿದೆ.

ಸುರ್ರೆಂದು ಎಳೆದರು! "ಭಾರಿ ಅದ ತಮ್ಮಾ! ಇನ್ನಷ್ಟು ಹಾಕು."

ಪಕ್ಕದ ಮೇಜಿನಲ್ಲಿ ಹಂದಿ ಮಾಂಸ ಸುಡುತ್ತಿದ್ದರು. ಆ ಹೊಗೆಯೆಲ್ಲ ಗೌಡರ ಮೀಸೆಯ ಮೇಲೆ ಹಾದು ಹೋಗುತ್ತಿತ್ತು. ಗೌಡರು ಗಡಿಗೆಯಿಂದ ತಲೆ ಎತ್ತಲಿಲ್ಲ.

ಇದೇ ಸಮಯ ಅಂದುಕೊಂಡೆ. "ಗೌಡ್ರ, ಹಂಗಾದ್ರ ನಾಳೆ ನಮ್ಮ ಮನ್ಯಾಗ ರೊಟ್ಟಿ ಉಣ್ಣಾಕ ಬರ್ರಿ."

ಬಾಯಲ್ಲಿ ಶಾವಿಗೆ ನೇತಾಡುತ್ತಿರುವಾಗಲೇ ಗೌಡರ ಮುಖ ಬದಲಾಯಿತು. "ಅದು ಬ್ಯಾರೆ ತಮ್ಮಾ. ನಮ್ಮ ಮನ್ಯಾಗ ಕೆಲವು ನೇಮ ಅದಾವ."

"ಈಗ ನನ್ನ ಎಂಜಲ ಕಡ್ಡಿಲೆ ಹಾಕಿದ್ದು ತಿಂದ್ರಲ್ರಿ?"

"ಇದು ಹೊರದೇಶದ್ದು. ಹೊರದೇಶದ್ದಕ್ಕ ನೇಮ ಹತ್ತಂಗಿಲ್ಲ."

ಜೇವರ್ಗಿಯವ ನನ್ನತ್ತ ಚಟ್ನಿಯ ಪೊಟ್ಟಣ ಸರಿಸಿದ. "ತಿನ್ರಿ. ಸಿಟ್ಟಿಗಿಂತ ಇದು ಛಲೋ."

೬. ನಮ್ಮ ಓಣಿಯ ಕೊರಿಯಾ

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಜೋಳ ಹಸನು ಮಾಡುತ್ತಿದ್ದ ಮೊರವನ್ನು ಬದಿಗಿಟ್ಟಳು.

"ಹೊರದೇಶದ್ದಕ್ಕ ನೇಮ ಹತ್ತಂಗಿಲ್ಲೇನು? ಹಂಗಾದ್ರ ಐತವಾರ ನಮ್ಮ ಮನಿ ಹೊರದೇಶ. ಬೋರ್ಡ್ ಬರೀರಿ."

'ರಸ್ತೆ ಕೊಡಿ, ಇಲ್ಲವೇ ಕುರ್ಚಿ ಬಿಡಿ' ಅಂತ ಬರೆದ ಹಳೆಯ ಫಲಕವೊಂದಿತ್ತು. ಅದನ್ನು ತಿರುವಿ, ಹಿಂದೆ 'ಕೊರಿಯನ್ ಹೋಟೆಲ್' ಅಂತ ಕೆಂಪು ಬಣ್ಣದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದೆ. ಗೌಡರಿಗೆ ಫೋನು ಮಾಡಿದೆ. "ನಮ್ಮ ಓಣ್ಯಾಗ ಕೊರಿಯನ್ ಹೋಟೆಲ್ ಆಗ್ಯದ್ರಿ. ಪೂರಾ ಸಸ್ಯಾಹಾರಿ. ಬರ್ರಿ."

ಬರುವುದಿಲ್ಲ ಅಂತ ನಾನು, ಬರುತ್ತಾರೆ ಅಂತ ಅವಳು. ಬಂದರು. ಬೋರ್ಡು ಓದಿದರು. ಓಣಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು, ಇನ್ನೊಮ್ಮೆ ಬೋರ್ಡು ಓದಿ ಚಪ್ಪಲಿ ಬಿಟ್ಟು ಒಳಗೆ ಬಂದರು.

ಹೆಂಡತಿ ಮನೆಯ ಸಣ್ಣ ಬಟ್ಟಲುಗಳನ್ನೆಲ್ಲ ಹೊರಗೆ ತೆಗೆದಿದ್ದಳು. ಒಂದರಲ್ಲಿ ಪುಂಡಿ ಪಲ್ಯ, ಒಂದರಲ್ಲಿ ಝುಣಕ, ಶೇಂಗಾ ಹಿಂಡಿ, ಹೆಸರುಕಾಳಿನ ಪಲ್ಯ, ಮೊಸರು, ಹೆಚ್ಚಿದ ಮೂಲಂಗಿ. ನಡುವೆ ಜೋಳದ ರೊಟ್ಟಿ, ಸುರುಳಿ ಸುತ್ತಿ ಕತ್ತರಿಸಿದ್ದು. ಪಕ್ಕದಲ್ಲಿ ನನ್ನ ತೊಗರಿ ಕಡ್ಡಿ.

ಗೌಡರು ಕಡ್ಡಿಯಿಂದ ಪುಂಡಿ ಪಲ್ಯ ಎತ್ತಿ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. "ನಮ್ಮ ಪುಂಡಿ ಪಲ್ಯದ ಹಂಗೇ ಅದ ನೋಡು. ಆದ್ರ ಈ ಕೊರಿಯಾದ ರುಚಿನೇ ಬ್ಯಾರೆ!"

"ಇನ್ನಷ್ಟು ಹಾಕ್ಲೇನ್ರಿ ಅಣ್ಣಾರ?" ಸೌಟು ಎತ್ತಿಕೊಂಡು ನನ್ನ ಹೆಂಡತಿ ಕೇಳಿದಳು.

"ಹಾಕು ತಂಗಿ."

ಎರಡನೆಯ ರೊಟ್ಟಿಗೆ ಕಡ್ಡಿ ಬದಿಗಿಟ್ಟು ಕೈ ಹಾಕಿದರು. ಆಮೇಲೆ ನಾನು ಎಣಿಸಲಿಲ್ಲ. ಎಣಿಸಿದರೆ ದೃಷ್ಟಿಯಾದೀತು ಅಂತ ಅವಳು ಕಣ್ಣಲ್ಲೇ ಗದರಿಸಿದಳು.

ಅವರು ತೇಗಿದಾಗ ನನ್ನ ಬಾಯಿ ತಡೆಯಲಿಲ್ಲ. "ಗೌಡ್ರ, ಸಾಕು ಈ ನಾಟಕ. ಇದು ಪುಂಡಿ ಪಲ್ಯ. ಇದು ಜೋಳದ ರೊಟ್ಟಿ. ಬಡಿದಾಕಿ ನನ್ನ ಹೆಂಡ್ತಿ!"

"ಮತ್ತ ನಾ ಏನು ಕುರುಡ ಇದ್ದೇನೇನು ತಮ್ಮಾ? ಹುಟ್ಟಿದಾಗಿಂದ ಪುಂಡಿ ಪಲ್ಯ ತಿಂದಾಂವ ನಾ." ಬೆರಳು ನೆಕ್ಕಿಕೊಂಡರು. ದನಿ ಇಳಿಸಿದರು. "ಭಾಳ ಛಲೋ ಆಗಿತ್ತು ತಂಗಿ. ಆದ್ರ ಆ ಬೋರ್ಡ್ ಮಾತ್ರ ತಗೀಬ್ಯಾಡ್ರಿ. ಊರಾಗ ಯಾರರ ಕೇಳಿದ್ರ ನನಗೊಂದು ಉತ್ತರ ಬೇಕಲ್ಲ."

ನನ್ನ ನೆತ್ತಿ ಸಿಡಿಯುವುದರಲ್ಲಿತ್ತು. ಹೆಂಡತಿ ನನಗಿಂತ ಮುಂದೆ ಬಂದಳು.

"ಬೋರ್ಡ್ ಇರ್ಲಿ ಬಿಡ್ರಿ ಅಣ್ಣಾರ. ಆದ್ರ ಹೋಟೆಲ್ ಅಂದ ಮ್ಯಾಲ ಅದಕ್ಕೂ ನೇಮ ಅದಾವ. ಇಲ್ಲಿ ಉಂಡವರು ತಮ್ಮ ತಾಟು, ಬಟ್ಟಲ ತಾವೇ ತೊಳದು ಬೋರಲ ಇಡಬೇಕು."

ಗೌಡರು ನನ್ನ ಕಡೆ ತಿರುಗಿದರು. "ಕೊರಿಯಾದಾಗ ಹಂಗ ಅದೇನು?"

ನಾನು ಯಾವ ವೇದಿಕೆಯಲ್ಲೂ ಸುಳ್ಳು ಹೇಳಿದವನಲ್ಲ. ಚಹಾದಂಗಡಿಯ ಗೋಡೆಯ ಆ ಗೂಡು ಕಣ್ಣ ಮುಂದೆ ಬಂತು. "ಹೌದ್ರಿ ಗೌಡ್ರ. ಹಂಗೇ ಅದ."

ಅವರು ಬಟ್ಟಲುಗಳನ್ನು ನೋಡಿದರು. ಬಾಗಿಲಲ್ಲಿ ತೂಗುತ್ತಿದ್ದ ಬೋರ್ಡು ನೋಡಿದರು. ತೊಳೆಯುವುದಿಲ್ಲ ಅಂದರೆ ಇದು ಕೊರಿಯಾ ಅಲ್ಲ, ನಮ್ಮ ಮನೆ ಅಂತ ಒಪ್ಪಿಕೊಂಡ ಹಾಗೆ. ಧೋತರ ಮೇಲೆ ಕಟ್ಟಿ ಅಂಗಳದ ನಳದ ಮುಂದೆ ಕುಕ್ಕರಗಾಲಲ್ಲಿ ಕೂತರು. ಓಣಿಗೆ ಓಣಿಯೇ ಬಾಗಿಲಿಗೆ ಬಂದು ನಿಂತಿತು.

"ಮುಂದಿನ ಮೀಟಿಂಗ್ ಒಳಗ ಇಟ್ಕೋರಿ" ಅಂತ ಹೆಂಡತಿ ನನ್ನ ಕಿವಿಯಲ್ಲಿ ಅಂದಳು.

ಗೌಡರು ತಾಟು ತಿಕ್ಕಿದರು. ಬಟ್ಟಲು ಒಂದೊಂದೇ ತಿಕ್ಕಿ, ಗಲಬರಿಸಿ, ಬೋರಲು ಇಟ್ಟರು. ಕೊನೆಯದನ್ನು ಇಟ್ಟು, ಹಣೆಯ ಬೆವರು ಒರೆಸಿಕೊಂಡು ನನ್ನತ್ತ ತಿರುಗಿ ನಿಟ್ಟುಸಿರು ಬಿಟ್ಟರು.

"ತಮ್ಮಾ, ಈ ಕೊರಿಯಾದವರು ನಮಗಿಂತ ಭಾಳ ಮಡಿ ಮಾಡ್ತಾರಲ್ಲೋ!"